ಕೆಂಗಲ್ ಸೀಮೆಯ ಬೆಟ್ಟಸಾಲು: ಪ್ರಾಕೃತಿಕ ವಿಭಾಗಗಳೂ ಬೇಸಾಯವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ, ಚನ್ನಪಟ್ಟಣವನ್ನು ಸೇರುವ ಮೊದಲು ಕೆಂಗಲ್ ಸಿಗುತ್ತದೆ. ಆಂಜನೇಯಸ್ವಾಮಿಯ ದೇವಸ್ಥಾನದಿಂದಲೂ ಸಂಕ್ರಾಂತಿಯ ಆಸುಪಾಸಿನಲ್ಲಿ ಕೂಡುವ ದನಗಳ ಜಾತ್ರೆಯಿಂದಲೂ ಈ ಸ್ಥಳ ಸುತ್ತಲಿನ ರೈತರಿಗೆ ಚೆನ್ನಾಗಿ ಗೊತ್ತು. 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಹನುಮಂತಯ್ಯನವರ ಹೆಸರಿನೊಡನೆ ಸೇರಿ ಅದು ನಾಡಿಗೆಲ್ಲ ಪರಿಚಿತವಾಯಿತು. ಕೆಂಗಲ್ ಎಂದರೆ ಕೆಂಪು ಕಲ್ಲು. ಈ ಹೆಸರನ್ನಿಟ್ಟವರು ಭೂವಿಜ್ಞಾನ ಓದಿದವರಲ್ಲ. ಆದರೂ ಈ ಸೀಮೆಯ ನೆಲ, ನೀರು, ಬೆಳೆ ಎಲ್ಲಕ್ಕೂ ಮೂಲವಾದ ಸಂಗತಿಯನ್ನು ಅವರು ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾರೆ.

ಕೆಂಗಲ್ಲಿನಿಂದ ಯಾವ ದಿಕ್ಕಿಗೆ ಹತ್ತು ಹದಿನೈದು ಕಿಲೋಮೀಟರ್ ಹೋದರೂ ನೆಲದ ಮುಖ ಬದಲಾಗುತ್ತದೆ. ಒಂದು ಕಡೆ ಬೋಳು ಬಂಡೆಗಳ ಬೆಟ್ಟ, ಇನ್ನೊಂದು ಕಡೆ ಕೆರೆ, ತೆಂಗಿನ ತೋಟ, ಮತ್ತೊಂದು ಕಡೆ ಮಾವಿನ ತೋಪುಗಳ ದಿಣ್ಣೆ. ಹೀಗಿದ್ದರೂ ಸಸಿ ವಿತರಣೆ, ಬೆಳೆ ಶಿಫಾರಸು, ಸಾಲದ ಮಂಜೂರಾತಿ ಮುಂತಾದವು ಬಹುಮಟ್ಟಿಗೆ ತಾಲ್ಲೂಕು, ಹೋಬಳಿಗಳ ಲೆಕ್ಕದಲ್ಲಿಯೇ ನಡೆಯುತ್ತವೆ. ಇದರ ಪರಿಣಾಮ ಎಲ್ಲರ ಕಣ್ಣಿಗೂ ಬೀಳುವಂಥದು. ಒಂದೇ ಊರಿನಲ್ಲಿ, ಒಂದೇ ವರ್ಷ, ಒಂದೇ ಜಾತಿಯ ಮಾವಿನ ಸಸಿ ನೆಟ್ಟ ಇಬ್ಬರಲ್ಲಿ ಒಬ್ಬರ ತೋಪು ಫಲಕ್ಕೆ ಬರುತ್ತದೆ. ಇನ್ನೊಬ್ಬರದು ಮೂರನೆಯ ಬೇಸಿಗೆಗೆ ಒಣಗುತ್ತದೆ. ಒಂದು ಕೊಳವೆ ಬಾವಿಯಲ್ಲಿ ನೀರು ಬಂದರೆ ಇನ್ನೂರು ಗಜದಾಚೆ ಕೊರೆದದ್ದರಲ್ಲಿ ಕಲ್ಲಿನ ಹುಡಿ ಮಾತ್ರ ಹಾರುತ್ತದೆ. ಇದನ್ನು ಅದೃಷ್ಟವೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಇದರಲ್ಲಿ ಅದೃಷ್ಟದ ಪಾಲು ಜನ ತಿಳಿದಿರುವಷ್ಟಿಲ್ಲ. ಜಮೀನು ಯಾವ ಪ್ರಾಕೃತಿಕ ವಿಭಾಗದಲ್ಲಿದೆ, ಆ ವಿಭಾಗದ ಇಳಿಜಾರಿನಲ್ಲಿ ಯಾವ ಎತ್ತರದಲ್ಲಿದೆ ಎಂಬುದೇ ಬಹುಪಾಲು ಉತ್ತರ.

ತಾಲ್ಲೂಕಿನ ಗಡಿ, ನೆಲದ ಗಡಿ

ಆಡಳಿತದ ಗಡಿಗಳು ಮನುಷ್ಯನ ಅನುಕೂಲಕ್ಕಾಗಿ ಆದವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದವು. 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ರಾಮನಗರವೇ ಹಿಂದೆ ಕ್ಲೋಸ್‌ಪೇಟೆ ಆಗಿತ್ತು. ಕನಕಪುರ ಕಾನಕಾನಹಳ್ಳಿ ಆಗಿತ್ತು. ಇಷ್ಟೆಲ್ಲ ಆದರೂ ಬೆಟ್ಟಗಳು ಇದ್ದಲ್ಲಿಯೇ ಇವೆ. ಅವು ಜಿಲ್ಲೆಯ ಗಡಿಯನ್ನು ಲೆಕ್ಕಿಸುವುದೂ ಇಲ್ಲ. ಮಾಗಡಿಯ ಬೆಟ್ಟಗಳ ಒಡಹುಟ್ಟುಗಳಾದ ಹುತ್ರಿದುರ್ಗ, ಹುಲಿಯೂರುದುರ್ಗಗಳು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೂ ಶಿವಗಂಗೆ ನೆಲಮಂಗಲ ತಾಲ್ಲೂಕಿಗೂ ಸೇರಿವೆ.

ನೆಲವನ್ನು ಅದರ ಗುಣದ ಮೇಲೆ ವಿಂಗಡಿಸುವ ಪ್ರಯತ್ನ ನಮ್ಮಲ್ಲಿ ಹೊಸದಲ್ಲ. ಮಲೆನಾಡು, ಬಯಲುಸೀಮೆ ಎಂಬ ಮಾತುಗಳು ಜನರವೇ. ರೈಸ್ ಅವರು 1897ರಲ್ಲಿ ಪ್ರಕಟಿಸಿದ ಮೈಸೂರು ಗೆಜೆಟಿಯರಿನಲ್ಲಿ ಇದೇ ವಿಂಗಡಣೆಯನ್ನು ಅನುಸರಿಸಿದ್ದಾರೆ. ಈಚೆಗೆ ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದ್ದು, ಈ ನಾಲ್ಕೂ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ ಸೇರುತ್ತವೆ. ತಳಿ ಬಿಡುಗಡೆ, ಬಿತ್ತನೆಯ ಕಾಲ ಮುಂತಾದ ವಿಷಯಗಳಿಗೆ ಈ ವಲಯ ಸಾಕು. ಒಂದು ಜಮೀನಿನಲ್ಲಿ ಬಾವಿ ತೋಡಬೇಕೆ, ಮಾವು ಹಾಕಬೇಕೆ, ಹಿಪ್ಪುನೇರಳೆ ಹಾಕಬೇಕೆ ಎಂಬ ಪ್ರಶ್ನೆಗೆ ಅದು ತೀರ ದೊಡ್ಡ ಜರಡಿ.

ಭೂಗೋಳಜ್ಞರ ಕ್ರಮ

ಭೂಗೋಳಜ್ಞರು ಒಂದು ಬೆಟ್ಟ ಪ್ರದೇಶವನ್ನು ವಿಂಗಡಿಸುವಾಗ ಹಲವು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಮೊದಲನೆಯದು ಎತ್ತರದ ನಕ್ಷೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದು ಗೆರೆಗಳಿರುತ್ತವೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಬಯಲು. ಎರಡನೆಯದು ಶಿಲೆಯ ನಕ್ಷೆ. ಆ ಬಳಿಕ ಹಳ್ಳ ತೊರೆಗಳ ನಕ್ಷೆ, ಮಣ್ಣಿನ ನಕ್ಷೆ, ಮಳೆಯ ನಕ್ಷೆ, ಸಹಜವಾದ ಗಿಡಮರಗಳ ನಕ್ಷೆ. ಇವುಗಳಲ್ಲಿ ಎರಡು ಮೂರು ಗುಣಗಳು ಒಟ್ಟಿಗೆ ಎಲ್ಲಿ ಬದಲಾಗುತ್ತವೆಯೋ ಅಲ್ಲಿ ಗಡಿ ಎಳೆಯಬಹುದು. ಒಂದು ಗುಣ ಮಾತ್ರ ಬದಲಾದರೆ ಅದು ವಿಭಾಗದ ಗಡಿಯಾಗದೆ ಒಳವಿಭಾಗದ ಗಡಿಯಾಗುತ್ತದೆ. ಹೀಗೆ ದೊಡ್ಡ ವಿಭಾಗದೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು ಎಂಬ ಕ್ರಮ ಏರ್ಪಡುತ್ತದೆ.

ಯಾವ ಗುಣಕ್ಕೆ ಹೆಚ್ಚು ತೂಕ ಕೊಡಬೇಕೆಂಬುದು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಪಶ್ಚಿಮ ಘಟ್ಟಗಳಲ್ಲಿ ಮಳೆಯೇ ಯಜಮಾನ. ಆಗುಂಬೆಯಲ್ಲಿ 7,000 ಮಿಲಿಮೀಟರ್ ಮೀರುವ ಮಳೆ, ಪೂರ್ವಕ್ಕೆ ಸರಿದು ಬಯಲುಸೀಮೆ ಮುಟ್ಟುವಷ್ಟರಲ್ಲಿ 1,000 ಮಿಲಿಮೀಟರಿಗಿಂತ ಕೆಳಗಿಳಿಯುತ್ತದೆ. ಕಾಡು, ಮಣ್ಣು, ಬೆಳೆ ಅದರ ಹಿಂದೆಯೇ ಬದಲಾಗುತ್ತವೆ. ಕೆಂಗಲ್ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ವರ್ಷಕ್ಕೆ ಸುಮಾರು 800ರಿಂದ 900 ಮಿಲಿಮೀಟರ್ ಮಳೆ. ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲೊಮ್ಮೆ ಹೆಚ್ಚು. ಮಾಗಡಿಗೂ ಚನ್ನಪಟ್ಟಣಕ್ಕೂ ಮಳೆಯಲ್ಲಿರುವ ವ್ಯತ್ಯಾಸ ಬೆಳೆಯ ವ್ಯತ್ಯಾಸವನ್ನು ವಿವರಿಸುವಷ್ಟಿಲ್ಲ. ಇಲ್ಲಿ ಶಿಲೆಯೂ ಇಳಿಜಾರೂ ಯಜಮಾನರು.

ಈ ವಿಧಾನವನ್ನು ಬಹಳ ಶಿಸ್ತಿನಿಂದ ನಡೆಸಿದವರು ಜರ್ಮನಿಯ ಭೂಗೋಳಜ್ಞರು. ಅವರು 1953ರಿಂದ 1962ರವರೆಗೆ ತಮ್ಮ ಇಡೀ ದೇಶದ ಪ್ರಾಕೃತಿಕ ವಿಭಾಗಗಳ ಕೈಪಿಡಿಯನ್ನು ಕಂತು ಕಂತಾಗಿ ಹೊರತಂದು ಪ್ರತಿಯೊಂದು ವಿಭಾಗಕ್ಕೂ ಒಂದು ಸಂಖ್ಯೆ ಕೊಟ್ಟರು. ಅಲ್ಲಿ ಓಡನ್‌ವಾಲ್ಡ್ ಎಂಬ ತಗ್ಗು ಬೆಟ್ಟಸಾಲೊಂದಿದೆ. ದೂರದಿಂದ ನೋಡಿದರೆ ಒಂದೇ ಬೆಟ್ಟ. ಆದರೆ ಅದರ ಪಶ್ಚಿಮ ಭಾಗ ಗ್ರಾನೈಟ್ ಮತ್ತು ನೈಸ್ ಶಿಲೆಯದು. ಅಲ್ಲಿ ಹೊಲಗಳೂ ಹಳ್ಳಿಗಳೂ ಹೆಚ್ಚು. ಪೂರ್ವ ಭಾಗ ಕೆಂಪು ಮರಳುಗಲ್ಲಿನದು. ಅದರ ಬಡ ಮಣ್ಣಿನ ಮೇಲೆ ಕಾಡು ಉಳಿದಿದೆ. ಪಶ್ಚಿಮದ ಬುಡದಲ್ಲಿರುವ ಕಿರಿದಾದ ಬೆಚ್ಚನೆಯ ಅಂಚಿನಲ್ಲಿ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳಿವೆ. ಆದುದರಿಂದ ಅವರು ಅದನ್ನು ಮೂರು ವಿಭಾಗಗಳಾಗಿ ಒಡೆದರು. ಬೆಟ್ಟ ಒಂದಾಗಿ ಕಂಡರೆ ವಿಭಾಗವೂ ಒಂದೇ ಎಂದು ತಿಳಿಯಬಾರದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಬಂಡೆಯಿಂದ ಬೆಟ್ಟ

ಈಗ ನಮ್ಮ ಬೆಟ್ಟಸಾಲಿಗೆ ಬರೋಣ. ಉತ್ತರದಲ್ಲಿ ಮಧುಗಿರಿಯ ಕಡೆಯಿಂದ ಹೊರಟು ಶಿವಗಂಗೆ, ಸಾವನದುರ್ಗ, ರಾಮನಗರ, ಕಬ್ಬಾಳುಗಳನ್ನು ಹಾದು ಕಾವೇರಿಯತ್ತ ಇಳಿಯುವ ಈ ಬೆಟ್ಟಗಳ ಸಾಲಿಗೆ ಕಾರಣ ಒಂದೇ ಶಿಲಾಪಟ್ಟಿ. ಮೈಸೂರಿನ ಭೂವಿಜ್ಞಾನಿಗಳು ಇದನ್ನು ರಾಮನಗರದ ಆಗಿನ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದರು. ಊರಿನ ಹೆಸರು ಬದಲಾಯಿತು. ಕಲ್ಲಿನ ಹೆಸರು ಇಂದಿಗೂ ವಿಜ್ಞಾನದಲ್ಲಿ ಅದೇ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಮೇಲೇರಿದ ಶಿಲಾರಸ ತಣ್ಣಗಾಗಿ ಗಟ್ಟಿಯಾದ ಈ ಪಟ್ಟಿ ಉತ್ತರ ದಕ್ಷಿಣವಾಗಿ 400 ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಅಗಲ ಸುಮಾರು 20–25 ಕಿಲೋಮೀಟರ್ ಇದೆ. ಇದರ ಎರಡೂ ಪಕ್ಕಗಳಲ್ಲಿ ಇನ್ನೂ ಹಳೆಯದಾದ, ಪದರ ಪದರವಾಗಿ ಗೆರೆಗಳಿರುವ ನೈಸ್ ಶಿಲೆ ಇದೆ.

ಒಡೆದ ಕಲ್ಲಿನ ಹೊಸ ಮುಖವನ್ನು ನೋಡಿದರೆ ಬೆರಳುದ್ದದವರೆಗಿನ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಪೊಟ್ಯಾಷ್ ಇರುವ ಫೆಲ್ಡ್‌ಸ್ಪಾರ್ ಹರಳುಗಳು. ಕಲ್ಲಿಗೆ ಕೆಂಪು ಬಂದಿರುವುದು ಇವುಗಳಿಂದ. ಗಾಜಿನಂತೆ ಹೊಳೆಯುವುದು ಬೆಣಚು, ಕಪ್ಪು ಚುಕ್ಕೆಗಳು ಅಭ್ರಕ. ನೀರು ಇಳಿದು ನಿಧಾನವಾಗಿ ಕಲ್ಲನ್ನು ಕೊಳೆಯಿಸಿದಾಗ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ. ಬೆಣಚು ಕೊಳೆಯದೆ ಮರಳಾಗಿ, ಗರಸಾಗಿ ಉಳಿಯುತ್ತದೆ. ಈ ಸೀಮೆಯ ಕೆಂಪು ಮಣ್ಣನ್ನು ಕೈಯಲ್ಲಿ ಉಜ್ಜಿದರೆ ಚುಚ್ಚುವುದು ಇದರಿಂದಲೇ. ಪೊಟ್ಯಾಷ್ ಕಲ್ಲಿನಲ್ಲೇ ಇದೆಯಲ್ಲ, ಗೊಬ್ಬರದಲ್ಲಿ ಏಕೆ ಕೊಡಬೇಕು ಎಂದು ಕೆಲವರು ಕೇಳುವುದುಂಟು. ಕಲ್ಲಿನೊಳಗಿನ ಪೊಟ್ಯಾಷ್ ಬೆಳೆಗೆ ದೊರೆಯುವುದು ಬಹಳ ನಿಧಾನ. ಮಣ್ಣು ಪರೀಕ್ಷೆ ಮಾಡಿಸದೆ ಪೊಟ್ಯಾಷನ್ನು ಕೈಬಿಡುವುದು ಸರಿಯಲ್ಲ.

ಒಂದೇ ಗ್ರಾನೈಟ್ ಕೆಲವೆಡೆ ಬೆಟ್ಟವಾಗಿ, ಕೆಲವೆಡೆ ಕಣಿವೆಯಾಗಿ ಏಕಾಯಿತು? ಇದಕ್ಕೆ ಉತ್ತರ ಬಿರುಕುಗಳಲ್ಲಿದೆ. ಬಿರುಕು ಕಡಿಮೆ ಇರುವ ಕಡೆ ನೀರು ಒಳಗಿಳಿಯದೆ ಜಾರಿಹೋಗುತ್ತದೆ, ಕಲ್ಲು ಕೊಳೆಯುವುದಿಲ್ಲ. ಸುತ್ತಲಿನ ನೆಲ ಕೊಳೆತು ಕೊಚ್ಚಿಹೋದಂತೆ ಅದು ಮೇಲೆ ನಿಲ್ಲುತ್ತದೆ. ಸಾವನದುರ್ಗದಂಥ ಗುಮ್ಮಟಗಳು ಹುಟ್ಟಿದ್ದು ಹೀಗೆ. ಅಂಥ ಬಂಡೆಯ ಮೈಯಿಂದ ಈರುಳ್ಳಿಯ ಸಿಪ್ಪೆಯಂತೆ ಹಾಳೆ ಹಾಳೆಯಾಗಿ ಕಲ್ಲು ಸುಲಿಯುವುದನ್ನು ಇಂದಿಗೂ ಕಾಣಬಹುದು. ಬಿರುಕುಗಳು ಅಡ್ಡಡ್ಡ, ಉದ್ದುದ್ದ ಹೆಣೆದುಕೊಂಡಿರುವ ಕಡೆ ಕಲ್ಲು ತುಂಡು ತುಂಡಾಗಿ, ಮೂಲೆಗಳು ಸವೆದು, ಒಂದರ ಮೇಲೊಂದು ಪೇರಿಸಿಟ್ಟ ಗುಂಡುಗಳಾಗುತ್ತದೆ. ಬಿರುಕು ತೀರ ಹೆಚ್ಚಿದ್ದ ಗೆರೆಗಳಲ್ಲಿ ಹಳ್ಳಗಳು ದಾರಿ ಮಾಡಿಕೊಂಡವು. ಬಾವಿಗೆ ನೀರು ಕೊಡುವುದೂ ಇದೇ ಬಿರುಕು ಎಂಬುದನ್ನು ನೆನಪಿನಲ್ಲಿಡಬೇಕು.

ಐದು ವಿಭಾಗಗಳು

ಮೇಲೆ ಹೇಳಿದ ಕ್ರಮವನ್ನು ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿದರೆ ಐದು ವಿಭಾಗಗಳು ಕಾಣುತ್ತವೆ. ಇವು ಸರ್ಕಾರಿ ವಿಭಾಗಗಳಲ್ಲ. ನಕ್ಷೆ ಓದಿ, ನೆಲ ನೋಡಿ ಮಾಡಿಕೊಳ್ಳಬಹುದಾದ ವಿಂಗಡಣೆ.

ಮೊದಲನೆಯದು ಮಾಗಡಿಯ ಎತ್ತರದ ನೆಲ. ಮಾಗಡಿ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಮೇಲಿದೆ; ಸಾವನದುರ್ಗದ ನೆತ್ತಿ 1,226 ಮೀಟರ್. ಇಲ್ಲಿ ಬೆಟ್ಟಗಳು ದೊಡ್ಡವು, ಆದರೆ ಬಿಡಿಬಿಡಿಯಾಗಿ ನಿಂತಿವೆ. ಅವುಗಳ ನಡುವೆ ಅಲೆಯಂತೆ ಏರಿಳಿಯುವ ವಿಶಾಲವಾದ ಹೊಲಗಳಿವೆ. ರಾಗಿಯೊಡನೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವ ಪದ್ಧತಿಗೆ ಹೇಳಿಮಾಡಿಸಿದ ನೆಲ. ಕಣ್ವ ಹೊಳೆ ಹುಟ್ಟುವುದೂ ಈ ಕಡೆಯೇ.

ಎರಡನೆಯದು ರಾಮನಗರದ ಬಂಡೆ ಬೆಟ್ಟಗಳು. ನೆಲ ಇಲ್ಲಿ ಸುಮಾರು 750 ಮೀಟರಿಗೆ ಇಳಿದಿದೆ. ಬೆಟ್ಟಗಳು ಒತ್ತೊತ್ತಾಗಿವೆ, ನಡುವಿನ ಕಣಿವೆಗಳು ಕಿರಿದು. ಹಿಂದಿಯ ಶೋಲೆ ಚಲನಚಿತ್ರದಲ್ಲಿ ದೇಶವೆಲ್ಲ ನೋಡಿದ ಬಂಡೆಗಳು ಇವೇ. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ 2012ರಲ್ಲಿ ಅದನ್ನು ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು. ಬೇಸಾಯಕ್ಕೆ ದೊರೆಯುವ ನೆಲ ಕಡಿಮೆ. ದೊರೆತ ಕಡೆ ಹಿಪ್ಪುನೇರಳೆ, ಮಾವು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಬಹಳ ದೊಡ್ಡದೆಂದು ಹೆಸರಾದುದರಿಂದ ಇಲ್ಲೆಲ್ಲ ವಿಸ್ತಾರವಾದ ಹಿಪ್ಪುನೇರಳೆ ತೋಟಗಳಿವೆಯೆಂದು ಹೊರಗಿನವರು ಭಾವಿಸುವುದುಂಟು. ಗೂಡು ಬರುವುದು ಬಹುಪಾಲು ಸುತ್ತಲಿನ ಬೇರೆ ವಿಭಾಗಗಳಿಂದ.

ಮೂರನೆಯದು ಪಶ್ಚಿಮದ ಚನ್ನಪಟ್ಟಣದ ಬಯಲು. ಕೆಂಗಲ್ಲಿನ ಆಸುಪಾಸಿನಲ್ಲಿ ಬೆಟ್ಟಗಳು ಹಿಂದೆ ಸರಿದು ನೆಲ ಶಿಂಷಾ ಹೊಳೆಯ ಕಡೆಗೆ ನಿಧಾನವಾಗಿ ವಾಲುತ್ತದೆ. ಮಣ್ಣು ಆಳ, ತಗ್ಗುಗಳಲ್ಲಿ ಕೆರೆಗಳ ಸಾಲು. 1946ರಲ್ಲಿ ಮುಗಿದ ಕಣ್ವ ಜಲಾಶಯವೂ ಶಿಂಷಾ ಹೊಳೆಗೆ ಅಡ್ಡಲಾಗಿರುವ ಇಗ್ಗಲೂರಿನ ಅಣೆಕಟ್ಟೂ ಈ ವಿಭಾಗದವು. ತೆಂಗು, ಭತ್ತ, ಹಿಪ್ಪುನೇರಳೆ, ದಿಣ್ಣೆಗಳ ಮೇಲೆ ಮಾವು.

ನಾಲ್ಕನೆಯದು ಕನಕಪುರದ ಅರ್ಕಾವತಿ ಬಯಲು. ನಂದಿ ಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ, ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆಗಳಲ್ಲಿ ಕಟ್ಟೆಗಳಿಗೆ ಸಿಕ್ಕಿ, ಬಂಡೆಗಳ ನಡುವೆ ನುಸುಳಿ ರಾಮನಗರವನ್ನು ಹಾದು ಇಲ್ಲಿ ಅಗಲವಾದ ತಗ್ಗಿಗೆ ಬರುತ್ತದೆ. ಕನಕಪುರದ ಎತ್ತರ ಸುಮಾರು 640 ಮೀಟರ್. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ತುಂಬಿ ಬಂದು ಅರ್ಕಾವತಿಯನ್ನು ಸೇರುತ್ತದೆ. ನೀರಿನ ಗುಣವನ್ನು ಪ್ರಾಕೃತಿಕ ವಿಭಾಗದ ಲಕ್ಷಣಗಳಲ್ಲಿ ಎಣಿಸುವುದು ವಾಡಿಕೆಯಲ್ಲ. ಆದರೆ ಆ ಕೆರೆಯ ಅಚ್ಚುಕಟ್ಟಿನ ರೈತರಿಗೆ ಅದನ್ನು ಬಿಟ್ಟು ಮಾಡಿದ ಯಾವ ವಿಂಗಡಣೆಯೂ ಅರ್ಧ ಮಾತ್ರವೇ.

ಐದನೆಯದು ದಕ್ಷಿಣದ ಕಾವೇರಿ ಇಳಿಜಾರು. ಕಬ್ಬಾಳು, ಬಿಳಿಕಲ್ ರಂಗಸ್ವಾಮಿ ಬೆಟ್ಟಗಳಿಂದ ಸಂಗಮ, ಮೇಕೆದಾಟುಗಳ ಕಡೆಗೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸುಮಾರು 400 ಮೀಟರಿನ ಮಟ್ಟ ಮುಟ್ಟುತ್ತದೆ. ಸೆಕೆ ಹೆಚ್ಚು, ಇಳಿಜಾರು ಹೆಚ್ಚು, ಮಣ್ಣು ತೆಳು. ಬಿದಿರಿನ ಮೆಳೆಗಳೂ ಕುರುಚಲು ಕಾಡೂ ಕಾವೇರಿ ವನ್ಯಧಾಮಕ್ಕೆ ಸೇರಿವೆ. ಕಾಡಿನಂಚಿನ ಹೊಲಗಳಿಗೆ ಆನೆಗಳ ಕಾಟ ಸದಾ ಇದ್ದದ್ದೇ. ಶಿಲೆಯೂ ಇಲ್ಲಿ ಬದಲಾಗುತ್ತದೆ. ಕಬ್ಬಾಳುದುರ್ಗದ ಬಳಿಯ ಕಲ್ಲುಗಣಿಯಲ್ಲಿ ನಸುಬಣ್ಣದ ನೈಸ್ ಶಿಲೆ ಕಲೆ ಕಲೆಯಾಗಿ ಕಪ್ಪು ಹಸುರಿನ ಚಾರ್ನೊಕೈಟ್ ಆಗಿ ಮಾರ್ಪಟ್ಟಿರುವುದನ್ನು ಪಿಚ್ಚಮುತ್ತು ಅವರು 1960ರಲ್ಲಿ ಲೋಕಕ್ಕೆ ತಿಳಿಸಿದರು. ಅಂದಿನಿಂದ ಆ ಗಣಿಯನ್ನು ನೋಡಲು ದೂರದ ದೇಶಗಳಿಂದ ವಿಜ್ಞಾನಿಗಳು ಬರುತ್ತಿದ್ದಾರೆ.

ಗಡಿಯ ತಕರಾರುಗಳು

ಮಾಗಡಿ ಮತ್ತು ರಾಮನಗರದ ಬೆಟ್ಟಗಳು ಒಂದೇ ವಿಭಾಗವೋ ಎರಡೋ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯ. ಶಿಲೆಯನ್ನೇ ಮುಖ್ಯವೆಂದು ನೋಡುವವರಿಗೆ ಅವು ಒಂದೇ. ಎತ್ತರ, ಬೆಟ್ಟಗಳ ಒತ್ತು, ನಡುವಿನ ನೆಲದ ಅಗಲಗಳನ್ನು ನೋಡುವವರಿಗೆ ಎರಡು. ಬೇಸಾಯದ ದೃಷ್ಟಿಯಿಂದ ಎರಡನೆಯ ಉತ್ತರವೇ ಹೆಚ್ಚು ಉಪಯುಕ್ತ. ಬೆಟ್ಟದ ನಡುವೆ ಎಷ್ಟು ಹೊಲವಿದೆ ಎಂಬುದು ರೈತನಿಗೆ ಬೆಟ್ಟದಷ್ಟೇ ಮುಖ್ಯ.

ಇನ್ನೊಂದು ತಕರಾರು ಜಲಾನಯನದ್ದು. ವಿಸ್ತರಣಾ ಕಾರ್ಯಕರ್ತರು ಇಂದು ಜಲಾನಯನವನ್ನೇ ಘಟಕವಾಗಿ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ನೀರನ್ನು ನಿಲ್ಲಿಸುವ ಕೆಲಸಕ್ಕೆ ಅದು ಸರಿಯಾದ ಘಟಕ. ಆದರೆ ಜಲಾನಯನವೂ ಪ್ರಾಕೃತಿಕ ವಿಭಾಗವೂ ಒಂದೇ ಅಲ್ಲ. ಅರ್ಕಾವತಿ ಒಂದೇ ಹೊಳೆಯಾದರೂ ಮಾಗಡಿಯ ಗುಮ್ಮಟಗಳು, ರಾಮನಗರದ ಬಂಡೆಗಳು, ಕನಕಪುರದ ಬಯಲು, ಕಾವೇರಿಯ ಇಳಿಜಾರು ನಾಲ್ಕನ್ನೂ ದಾಟಿ ಹೋಗುತ್ತದೆ. ಹೀಗಾಗಿ ಜಲಾನಯನದ ಯೋಜನೆ ತಯಾರಿಸುವಾಗ ಅದರೊಳಗೆ ವಿಭಾಗದ ಗಡಿ ಹಾದುಹೋಗುವ ಕಡೆ ಬದುವಿನ ಅಂತರ, ಮರದ ಆಯ್ಕೆ, ಹೊಂಡದ ಸ್ಥಳಗಳನ್ನು ಬದಲಿಸಬೇಕಾಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಕಬ್ಬಾಳು ನಾಲಾ ಜಲಾನಯನ ಯೋಜನೆಯಲ್ಲಿ ಮಣ್ಣಿನ ಬದುಗಳ ಬದಲಿಗೆ ಸಮಪಾತಳಿಯ ಗೆರೆಯಲ್ಲಿ ಲಾವಂಚದ ಬೇಲಿ ಹಾಕುವ ಪದ್ಧತಿಯನ್ನು ಪ್ರಚಾರಕ್ಕೆ ತರಲಾಯಿತು. ಗುಂಡ್ಲುಪೇಟೆಯ ಕಡೆಯ ರೈತರು ಅದಕ್ಕೆ ಬಹಳ ಮೊದಲೇ ಹೊಲದ ಅಂಚಿನಲ್ಲಿ ಲಾವಂಚ ಬೆಳೆಸುತ್ತಿದ್ದರು. ಮಣ್ಣು ತೆಳುವಾಗಿರುವ ಇಳಿಜಾರಿನಲ್ಲಿ ಬದುವಿಗಾಗಿ ಮೇಲ್ಮಣ್ಣನ್ನು ಅಗೆದು ತೆಗೆಯುವುದೇ ಒಂದು ನಷ್ಟ. ಅಂಥ ಕಡೆ ಹುಲ್ಲಿನ ಬೇಲಿಗೆ ಅರ್ಥವಿದೆ.

ಗಡಿ ಎಂದರೆ ಬೇಲಿಯಂತೆ ಒಂದು ಗೆರೆಯೆಂದೂ ತಿಳಿಯಬಾರದು. ಬಂಡೆಯ ಬುಡದಲ್ಲಿ ಗಡಿ ಹತ್ತು ಹೆಜ್ಜೆಯಲ್ಲಿ ಮುಗಿಯುತ್ತದೆ. ಚನ್ನಪಟ್ಟಣದ ಕಡೆ ಅದು ಎರಡು ಮೂರು ಕಿಲೋಮೀಟರ್ ಅಗಲದ ಪಟ್ಟಿ. ಈಗಿನ ಬೆಳೆಯನ್ನು ನೋಡಿ ಗಡಿ ಎಳೆಯುವುದಂತೂ ತಪ್ಪು. ಕೊಳವೆ ಬಾವಿ ಬಂದ ಮೇಲೆ ದಿಣ್ಣೆಯ ಮೇಲೂ ತೋಟ ಬಂದಿದೆ. ಬಾವಿ ಬತ್ತಿದ ಕಡೆ ತೋಟ ಹೋಗಿ ನೀಲಗಿರಿ ನಿಂತಿದೆ. ಇವು ನೆಲದ ಗುಣವನ್ನು ಹೇಳುವುದಿಲ್ಲ, ಹಿಂದಿನ ಇಪ್ಪತ್ತು ಮೂವತ್ತು ವರ್ಷಗಳ ಖರ್ಚು ವೆಚ್ಚವನ್ನು ಹೇಳುತ್ತವೆ.

ಇಳಿಜಾರಿನಲ್ಲಿ ಜಮೀನಿನ ಸ್ಥಾನ

ವಿಭಾಗ ತಿಳಿದ ಮೇಲೆ ಉಳಿಯುವುದು ಅದರೊಳಗಿನ ಸ್ಥಾನ. ಬೆಟ್ಟದ ಬುಡದಿಂದ ಹಳ್ಳದವರೆಗೆ ಮಣ್ಣು ಒಂದು ಗೊತ್ತಾದ ಕ್ರಮದಲ್ಲಿ ಬದಲಾಗುತ್ತದೆ. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡುತ್ತಿದ್ದ ಮಿಲ್ನೆ ಎಂಬ ಮಣ್ಣು ವಿಜ್ಞಾನಿ 1935ರಲ್ಲಿ ಇದನ್ನು ಸರಪಳಿಗೆ ಹೋಲಿಸಿದರು. ಅಲ್ಲಿಯೂ ಇಲ್ಲಿಯಂತೆಯೇ ಬಯಲಿನ ನಡುವೆ ಎದ್ದು ನಿಂತ ಗ್ರಾನೈಟ್ ಬೆಟ್ಟಗಳಿವೆ. ನಮ್ಮ ರೈತರು ಈ ಸರಪಳಿಯ ಕೊಂಡಿಗಳನ್ನು ಬೋರೆ, ಹೊಲ, ತೋಟ, ಗದ್ದೆ ಎಂಬ ಮಾತುಗಳಲ್ಲಿ ಮೊದಲಿನಿಂದಲೂ ಗುರುತಿಸಿದ್ದಾರೆ.

ಬೋಳು ಬಂಡೆಯ ತೀರ ಬುಡದಲ್ಲಿ ಒಂದು ಕಿರಿದಾದ ಪಟ್ಟಿ ಇರುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಒಂದು ಹನಿಯೂ ಇಂಗದೆ ದೊಣೆಗಳನ್ನು ತುಂಬಿ ಜಾರಿ ಇಲ್ಲಿಗೆ ಬರುವುದರಿಂದ, ಈ ಪಟ್ಟಿಗೆ ದೊರೆಯುವ ನೀರು ಆಕಾಶದಿಂದ ಬಿದ್ದುದಕ್ಕಿಂತ ಹೆಚ್ಚು. ಹುಣಸೆ, ಹಲಸು, ಹಳೆಯ ಮಾವಿನ ಮರಗಳು ಇಲ್ಲಿ ಹುಲುಸಾಗಿ ಬೆಳೆದಿರುವುದು ಇದೇ ಕಾರಣಕ್ಕೆ. ಆದರೆ ಇದನ್ನು ನೋಡಿ ಮೋಸಹೋಗುವವರೂ ಬಹಳ. ಈ ಪಟ್ಟಿಯಿಂದ ನೂರು ಹೆಜ್ಜೆ ಕೆಳಗಿಳಿದರೆ ಅನೇಕ ಕಡೆ ಚಪ್ಪಟೆಯಾದ ಹಾಸುಬಂಡೆ ಒಂದು ಅಡಿ ಮಣ್ಣನ್ನು ಹೊದ್ದು ಮಲಗಿರುತ್ತದೆ. ಮೇಲಿನಿಂದ ನೋಡಿದರೆ ಒಳ್ಳೆಯ ಸಮತಟ್ಟಾದ ಕೆಂಪು ಹೊಲ. ಮಾವಿನ ಸಸಿ ಮೊದಲ ಎರಡು ವರ್ಷ ಚೆನ್ನಾಗಿ ಚಿಗುರಿ, ಬೇರು ಬಂಡೆಗೆ ತಾಗಿದ ಬಳಿಕ ಒಣಗುವುದು ಇಂಥ ಕಡೆ. ಒಣಗಿದ ಸಸಿಯನ್ನು ಕಂಡು ಗೆದ್ದಲಿಗೆ ಔಷಧಿ ಹಾಕುವವರಿದ್ದಾರೆ. ಗೆದ್ದಲು ಬಂದದ್ದು ಸಸಿ ಸೊರಗಿದ ಮೇಲೆ. ಹುರುಳಿ, ಹುಚ್ಚೆಳ್ಳು, ಮೇವಿನ ಹುಲ್ಲು ಇಲ್ಲಿಗೆ ತಕ್ಕವು.

ಕೊಳವೆ ಬಾವಿಗೂ ಈ ಹಾಸುಬಂಡೆ ತಕ್ಕ ಸ್ಥಳವಲ್ಲ. ಗ್ರಾನೈಟ್ ಸ್ಪಂಜಿನಂತೆ ನೀರು ಹಿಡಿಯುವ ಕಲ್ಲಲ್ಲ. ಅದರಲ್ಲಿ ನೀರು ನಿಲ್ಲುವುದು ಎರಡೇ ಕಡೆ: ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಹಾಸುಬಂಡೆಯ ಮೇಲೆ ಮೊದಲನೆಯದು ಇಲ್ಲ. ಬಿರುಕೂ ಕಡಿಮೆ ಇರುವುದರಿಂದಲೇ ಅದು ಹಾಸುಬಂಡೆಯಾಗಿ ಉಳಿದಿದೆ. ಸಾವಿರ ಅಡಿ ಕೊರೆದರೂ ಕಲ್ಲಿನ ಗುಣ ಬದಲಾಗುವುದಿಲ್ಲ. ಬಂಡೆ ಬೆಟ್ಟಗಳ ವಿಭಾಗದಲ್ಲಿ ಇಂಥ ನೆಲ ಹೆಚ್ಚು. ಪಕ್ಕದ ನೈಸ್ ಶಿಲೆಯ ನೆಲದಲ್ಲಿ ಕೊಳೆತ ಪದರ ಸಾಮಾನ್ಯವಾಗಿ ದಪ್ಪ. ಅಲ್ಲಿ ತೆರೆದ ಬಾವಿಗಳು ಬಹುಕಾಲ ನೀರು ಕೊಟ್ಟದ್ದು ಅದರಿಂದಲೇ. ಆ ಪದರದ ನೀರನ್ನು ಬಳಸಿ ಮುಗಿಸಿದ ಮೇಲೆ ಆಳದ ಬಿರುಕಿಗೆ ಕೈಹಾಕಿದ್ದೇವೆ ಎಂಬುದನ್ನು ಮರೆಯಬಾರದು.

ಇಳಿಜಾರಿನ ನಡುಭಾಗದಲ್ಲಿ ಮಣ್ಣು ಕೆಂಪಗೆ, ಎರಡು ಮೂರು ಅಡಿ ಆಳವಿರುತ್ತದೆ. ನೀರು ಬಸಿದುಹೋಗುವುದರಿಂದ ಗಾಳಿಯಾಡಿ ಕಬ್ಬಿಣಾಂಶ ತುಕ್ಕಿನ ಬಣ್ಣ ಹಿಡಿದಿದೆ. ರಾಗಿ, ನೆಲಗಡಲೆ, ಅಕ್ಕಡಿ ಸಾಲುಗಳಿಗೆ ಇದೇ ಸ್ಥಳ. ಇನ್ನೂ ಕೆಳಗೆ ಬಂದಂತೆ ಬಣ್ಣ ಕಂದಾಗಿ, ಆಳ ಹೆಚ್ಚಿ, ಜೇಡಿ ಸೇರುತ್ತದೆ. ಹಿಪ್ಪುನೇರಳೆ, ತೆಂಗು ಇಲ್ಲಿ ನೆಮ್ಮದಿಯಾಗಿರುತ್ತವೆ. ಹಳ್ಳದ ತಳದಲ್ಲಿ ಮಣ್ಣು ಬೂದುಬಣ್ಣಕ್ಕೆ ತಿರುಗಿದ್ದರೆ ವರ್ಷದಲ್ಲಿ ಕೆಲವು ತಿಂಗಳು ನೀರು ನಿಲ್ಲುತ್ತದೆಂದು ತಿಳಿಯಬೇಕು. ಭತ್ತಕ್ಕೆ ಅದು ಸರಿ. ಬಸಿಗಾಲುವೆ ಇಲ್ಲದೆ ಅಲ್ಲಿ ಹಿಪ್ಪುನೇರಳೆ ನೆಡಬಾರದು. ಬೇಸಿಗೆಯಲ್ಲಿ ಬಿಳಿಯ ಉಪ್ಪು ಹೊಮ್ಮಿದರೆ ಕರಲು ಆರಂಭವಾಗಿದೆಯೆಂದೇ ಅರ್ಥ.

ಜಮೀನಿನ ಆಳ ತಿಳಿಯಲು ಯಂತ್ರ ಬೇಕಿಲ್ಲ. ಒಂದು ಒಳ್ಳೆಯ ಹದ ಮಳೆಯಾದ ಎರಡು ಮೂರು ದಿನಗಳ ಬಳಿಕ, ಇಳಿಜಾರಿನ ಮೇಲಿಂದ ಕೆಳಕ್ಕೆ ನೇರವಾಗಿ ನಡೆಯುತ್ತ ಇಪ್ಪತ್ತು ಹೆಜ್ಜೆಗೊಂದು ಕಡೆ ಹಾರೆಯನ್ನು ಊರಿ ನೋಡಬೇಕು. ಕಲ್ಲು ತಾಗಿದ ಆಳವನ್ನು ಬರೆದುಕೊಳ್ಳಬೇಕು. ಗುಂಡುಕಲ್ಲಿಗೂ ಹಾಸುಬಂಡೆಗೂ ವ್ಯತ್ಯಾಸ ತಿಳಿಯಲು ಒಂದು ಮಾರು ದೂರದಲ್ಲಿ ಮತ್ತೆ ಎರಡು ಕಡೆ ಊರಿ ನೋಡುವುದು ಒಳ್ಳೆಯದು. ಮಣ್ಣು ಸಮೀಕ್ಷೆಯವರು 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅತಿ ತೆಳು, 50ರವರೆಗೆ ತೆಳು, 100 ಮೀರಿದರೆ ಆಳ ಎಂದು ಹೇಳುತ್ತಾರೆ. ಮಾವಿಗೆ ಗುಂಡಿ ತೆಗೆಯುವುದೇ ಒಂದು ಮೀಟರ್ ಆಳಕ್ಕೆ. ಗುಂಡಿ ತೋಡುವ ಕೂಲಿಯಾಳು ಅರ್ಧಕ್ಕೇ ಕಲ್ಲು ಬಂತೆಂದು ನಿಲ್ಲಿಸಿದರೆ ಅದು ಅವನ ಸೋಮಾರಿತನವಲ್ಲ, ನೆಲದ ಸಾಕ್ಷಿ. ಅಂಥ ನಾಲ್ಕಾರು ಗುಂಡಿಗಳು ಒಂದೇ ಕಡೆ ಸಿಕ್ಕಿದರೆ ಆ ಭಾಗವನ್ನು ಮಾವಿಗೆ ಕೈಬಿಡುವುದೇ ಲೇಸು.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವಾಗಲೂ ಇದೇ ಭಾಗಗಳನ್ನು ಅನುಸರಿಸಬೇಕು. ದಿಣ್ಣೆ, ನಡು ಇಳಿಜಾರು, ತಗ್ಗು ಮೂರರ ಮಣ್ಣನ್ನೂ ಒಂದೇ ಚೀಲಕ್ಕೆ ಬೆರೆಸಿ ಕಳುಹಿಸುವ ಅಭ್ಯಾಸ ಸಾಮಾನ್ಯವಾಗಿದೆ. ಆ ಫಲಿತಾಂಶ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಪ್ರತಿ ಭಾಗಕ್ಕೂ ಬೇರೆ ಚೀಲ ಮಾಡಿ, ಸರ್ವೆ ನಂಬರಿನ ಜೊತೆಗೆ ಮೇಲು, ನಡು, ಕೆಳಗು ಎಂದು ಚೀಟಿ ಬರೆದಿಟ್ಟು, ಹಾರೆ ಊರಿ ತಿಳಿದ ಆಳವನ್ನೂ ಅದರಲ್ಲಿಯೇ ನಮೂದಿಸಿ, ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕಾಗಲಿ ಬಿತ್ತನೆಗೆ ಒಂದೆರಡು ತಿಂಗಳು ಮೊದಲೇ ತಲುಪಿಸಬೇಕು.